ಕಾಲುವೆಯ ಗೆರೆ: ಪುಣೆಯಲ್ಲಿ ವಿಶ್ವೇಶ್ವರಯ್ಯನವರು

ಪುಣೆಯ ದಕ್ಷಿಣದಲ್ಲಿ, ಪರ್ವತಿ ಬೆಟ್ಟದ ಆಚೆ, ಕಾತ್ರಜ್ ಘಾಟಿಗೆ ಹೋಗುವ ದಾರಿಯಲ್ಲಿರುವ ಧನಕವಡಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಸಾಧಾರಣ ಹಳ್ಳಿ. ಪೇಶ್ವೆಯವರ ಕಾಲದಲ್ಲಿ ಕಾತ್ರಜ್ ಕೆರೆಯ ನೀರನ್ನು ನಗರಕ್ಕೆ ಒಯ್ದ ನೆಲಗಾಲುವೆ ಈ ಭಾಗದ ಹಳೆಯ ಜಲಸಂಪತ್ತು. ಖಡಕ್‌ವಾಸ್ಲಾ ಜಲಾಶಯದಿಂದ ಹೊರಟ ಮುಠಾ ಬಲದಂಡೆ ಕಾಲುವೆಯಾದರೋ ಪರ್ವತಿಯ ಬುಡವನ್ನು ಬಳಸಿ ಪೂರ್ವಕ್ಕೆ ಹರಿಯಿತು. ಧನಕವಡಿ ಅದರ ಮೇಲಿನ ಎತ್ತರದಲ್ಲಿ ಉಳಿಯಿತು. ಗೆರೆಯ ಕೆಳಗೆ ನೀರಾವರಿ, ಮೇಲೆ ಮಳೆಯಾಶ್ರಯ. ಒಂದು ಹೊಲದ ಭಾಗ್ಯವನ್ನು ನಿರ್ಧರಿಸುವ ಇಂತಹ ಗೆರೆಗಳ ವಿಷಯವಾಗಿ ಗಾಢವಾಗಿ ಚಿಂತಿಸಿದ ಇಂಜಿನಿಯರರಲ್ಲಿ ಅಗ್ರಗಣ್ಯರಾದವರು ಕನ್ನಡ ನಾಡಿನಿಂದ ಹೋದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾದರು. ನಾಸಿಕ, ಧುಳೆ, ಸಿಂಧದ ಸಕ್ಕರ್, ಸೂರತ್ ಮುಂತಾದೆಡೆ ದುಡಿದು, ಶತಮಾನದ ತಿರುವಿನಲ್ಲಿ ಪುಣೆಯ ನೀರಾವರಿ ವಿಭಾಗದ ಹೊಣೆ ಹೊತ್ತರು. ರಾನಡೆ, ಗೋಖಲೆಯವರ ಸಹವಾಸವೂ ಅವರಿಗೆ ಇದೇ ಊರಿನಲ್ಲಿ ಲಭಿಸಿತು.

ಅವರ ಚರಿತ್ರೆಯನ್ನು ಬರೆದವರಲ್ಲಿ ಹಲವರು ಪುಣೆಯ ದಿನಗಳಿಂದ ಖಡಕ್‌ವಾಸ್ಲಾದ ಸ್ವಯಂಚಾಲಿತ ಕದಗಳನ್ನು ಮಾತ್ರ ಎತ್ತಿಕೊಳ್ಳುತ್ತಾರೆ. 1903ರ ಸುಮಾರಿಗೆ ಅಳವಡಿಸಿದ ಆ ಕದಗಳು ಅಣೆಕಟ್ಟನ್ನು ಎತ್ತರಿಸದೆಯೇ ನೀರಿನ ಮಟ್ಟವನ್ನು ಸುಮಾರು 8 ಅಡಿ ಏರಿಸಿದವು ಎಂಬುದು ನಿಜ. ಆದರೆ ಶೇಖರವಾದ ನೀರನ್ನು ಯಾರ ನೆಲಕ್ಕೆ, ಯಾವ ಬೆಳೆಗೆ ಕೊಡಬೇಕೆಂಬ ಪ್ರಶ್ನೆ ಕದಕ್ಕಿಂತ ಕಠಿಣವಾದುದು. ಅಲ್ಲಿ ಅವರು ಎದುರಿಸಬೇಕಾದುದು ಜಲದ ಒತ್ತಡವನ್ನಲ್ಲ, ಜನದ ಒತ್ತಡವನ್ನು.

ಕಾಲುವೆಯ ಆರಂಭದ ಹಳ್ಳಿಗಳವರು ಕಬ್ಬಿಗೆ ಬೇಕುಬೇಕಾದಷ್ಟು ನೀರು ಹಾಯಿಸಿಕೊಳ್ಳುತ್ತಿದ್ದರು; ಕಡೆಯ ಹಳ್ಳಿಗಳಿಗೆ ಕಾಲುವೆಯಿದ್ದೂ ನೀರಿಲ್ಲ. ನೀರುಂಡ ಕರಿಮಣ್ಣು ಅಲ್ಲಲ್ಲಿ ಜೌಗಾಗಿ ಚೌಳೇಳತೊಡಗಿತು. ವಿಶ್ವೇಶ್ವರಯ್ಯನವರು ರೂಪಿಸಿದ ಬ್ಲಾಕ್ ಪದ್ಧತಿ ಈ ರೋಗಕ್ಕೆ ಮದ್ದು. ಪ್ರತಿ ಹಳ್ಳಿಯಲ್ಲಿ ಮಣ್ಣಿನ ಗುಣ ಮತ್ತು ಬಸಿಯುವಿಕೆ ನೋಡಿ ನೆಲವನ್ನು ಬ್ಲಾಕುಗಳಾಗಿ ಗುರುತಿಸುವುದು. ಬ್ಲಾಕಿನ ಸುಮಾರು ಮೂರನೆಯ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದುದಕ್ಕೆ ಕಡಿಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಸರದಿ ಬದಲಾವಣೆ. ಗೊತ್ತಾದ ದಿನಗಳ ಅಂತರದಲ್ಲಿ ಸರದಿಯ ಪ್ರಕಾರವೇ ನೀರು. ಇಂದು ಭೂಬಳಕೆ ನಿಯಂತ್ರಣ, ವಲಯ ವಿಂಗಡಣೆ ಎಂದು ನಗರಗಳಲ್ಲಿ ಕರೆಯುವುದರ ತತ್ವ ಇದರಲ್ಲಿದೆ. ಭಾರತದ ಮೊದಲ ನಗರ ಯೋಜನಾ ಶಾಸನವೆನಿಸಿದ ಮುಂಬಯಿ ಕಾಯಿದೆ ಬಂದುದು 1915ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಕಬ್ಬಿನ ರೈತರು ಸುಮ್ಮನಿರಲಿಲ್ಲ. ತನ್ನ ಹೊಲದಲ್ಲಿ ಏನು ಬೆಳೆಯಬೇಕೆಂದು ಸರ್ಕಾರ ಹೇಳುವುದು ಅವರಿಗೆ ಅನ್ಯಾಯವಾಗಿ ಕಂಡಿತು. ಪತ್ರಿಕೆಗಳಲ್ಲಿಯೂ ಟೀಕೆ ಬಂದಿತು. ವಿಶ್ವೇಶ್ವರಯ್ಯನವರು ರೈತರೊಡನೆ ಚರ್ಚಿಸಿ, ಲೆಕ್ಕ ಮುಂದಿಟ್ಟು ಒಪ್ಪಿಸಲು ಯತ್ನಿಸಿದರು. ಅವರ ವಾದ ನ್ಯಾಯವಾದುದೇ: ಸಾರ್ವಜನಿಕ ಹಣದ ನೀರು ಕೆಲವರ ಆಸ್ತಿಯಾಗಬಾರದು. ಆದರೂ ಒಂದು ಮಾತು ಹೇಳಲೇಬೇಕು. ಅವರ ಯೋಜನೆಗಳಲ್ಲಿ ರೈತನು ತಿಳಿಯಬೇಕಾದವನು, ತಿಳಿಸುವವನಲ್ಲ. ಕಾಲುವೆಯ ಮೇಲಿನ ಹಳ್ಳಿಗಳಿಗಂತೂ ಆ ನಕ್ಷೆಯಲ್ಲಿ ಸ್ಥಾನವೇ ಇರಲಿಲ್ಲ. ಇದು ಅವರೊಬ್ಬರ ದೋಷವಲ್ಲ, ಆ ಕಾಲದ ನೀರಾವರಿ ವಿಜ್ಞಾನದ ಮಿತಿ.

ಮುಂದೆ ಹೈದರಾಬಾದಿನ ಮೂಸಿ ಪ್ರವಾಹದ ಪರಿಹಾರಕಾರ್ಯ, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಹುದ್ದೆ, 1912ರಿಂದ ಆರು ವರ್ಷ ದಿವಾನಗಿರಿ. ಇವು ಕನ್ನಡಿಗರಿಗೆ ಪರಿಚಿತ ಸಂಗತಿಗಳು. ಕೃಷ್ಣರಾಜಸಾಗರದ ಒಡಲಲ್ಲಿ ಕಣ್ಣಂಬಾಡಿಯೂ ಸುತ್ತಣ ಊರುಗಳೂ ಮುಳುಗಿದವು. ಅದರ ನೀರು ಮಂಡ್ಯದ ಬಯಲಿಗಿಳಿದಾಗ, ಪುಣೆಯಲ್ಲಿ ಹುಟ್ಟಿದ ಬ್ಲಾಕ್ ಪದ್ಧತಿಯೂ ಜೊತೆಯಲ್ಲಿ ಬಂದಿತು. ಕಬ್ಬು ಭತ್ತಗಳ ಆಸೆ ಅಲ್ಲಿಯೂ ನಿಯಮಕ್ಕಿಂತ ಬಲವಾಯಿತು.

1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ಪ್ರವಾಹಕ್ಕೆ ಖಡಕ್‌ವಾಸ್ಲಾ ಅಣೆಕಟ್ಟೂ ನಿಲ್ಲಲಿಲ್ಲ. ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ವಿಶ್ವೇಶ್ವರಯ್ಯನವರ ಕೊನೆಯ ದಿನಗಳವು. 1962ರ ಏಪ್ರಿಲಿನಲ್ಲಿ ಅವರು ನಿಧನರಾದರು.

ನೆರೆ ಸಂತ್ರಸ್ತರಿಗಾಗಿ ನಗರದ ಅಂಚಿನ ಎತ್ತರದ ನೆಲದಲ್ಲಿ ಹೊಸ ಬಡಾವಣೆಗಳು ಎದ್ದವು. ಧನಕವಡಿಗೆ ಹತ್ತಿರದ ಸಹಕಾರನಗರದಲ್ಲಿಯೂ ಅಂತಹ ವಸತಿಗಳಾದವು. ಕಾಲುವೆಯ ನೀರು ಏರದ ಎತ್ತರಕ್ಕೆ ನಗರ ಏರಿತು. ಪುಣೆಯ ಅಂಚಿನ ಹಳ್ಳಿಗಳ ಹೊಲಗಳು ಗುಂಟೆ ಗುಂಟೆಯಾಗಿ ಮಾರಾಟವಾಗಿ, ನಕ್ಷೆಗಿಂತ ಮೊದಲು ಮನೆಗಳೂ ಮನೆಗಳ ನಂತರ ನಕ್ಷೆಯೂ ಬಂದವು. 1997ರಲ್ಲಿ ಧನಕವಡಿ ಮಹಾನಗರಪಾಲಿಕೆಗೆ ಸೇರಿತು. ಅಂತಹ ಗುಂಟೆ ನಿವೇಶನಗಳನ್ನು ಸಕ್ರಮಗೊಳಿಸುವ ಕಾಯಿದೆಯನ್ನು ಮಹಾರಾಷ್ಟ್ರ ಸರ್ಕಾರ 2001ರಲ್ಲಿ ತಂದಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಇಳಿಯುವ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ತೀರದ ಬಡಾವಣೆಗಳಿಗೆ ನುಗ್ಗಿತು. ಹಳ್ಳದ ಪಾತ್ರವನ್ನೇ ಒತ್ತಿ ಕಟ್ಟಿದ ಗೋಡೆಗಳು ಮೊದಲು ಉರುಳಿದವು.