ರಾಯಚೂರಿನ ಹಳ್ಳಿಗಾಗಿ ಸರಿದ ಉಪಗ್ರಹ

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ತನ್ನ ಮಾತನ್ನು ಕೊರೆಸಿದ್ದು, ರಾಜಧಾನಿಯಿಂದ ಬಹುದೂರದ ಪ್ರಜೆಗಳಿಗೂ ಅದು ತಲುಪಲೆಂದು. ಸುಮಾರು 2,200 ವರ್ಷಗಳ ತರುವಾಯ, 1975ರ ಆಗಸ್ಟ್ 1ರಂದು, ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನೊಳಗೊಂಡ ರಾಯಚೂರು ಜಿಲ್ಲೆಗೆ ಆಕಾಶದಿಂದಲೇ ಸಂದೇಶ ಬರತೊಡಗಿತು. ಜಿಲ್ಲೆಯ ಆಯ್ದ ಹಳ್ಳಿಗಳ ಜನ ಸಂಜೆ ಒಂದೆಡೆ ಕಲೆತು ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ಟಿ.ವಿ.ಯಲ್ಲಿ ನೋಡಿದರು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಳ್ಳಿ ಮೊದಲು, ನಗರ ಅನಂತರ ಎಂಬ ಈ ಕ್ರಮ ಆಕಸ್ಮಿಕವಲ್ಲ. ಅದರ ಹಿಂದೆ ವಿಕ್ರಮ್ ಸಾರಾಭಾಯಿ ಇದ್ದರು. ಆದರೆ ಅದನ್ನು ಕಣ್ಣಾರೆ ಕಾಣಲು ಅವರು ಬದುಕಿರಲಿಲ್ಲ.

1919ರ ಆಗಸ್ಟ್ 12ರಂದು ಅಹಮದಾಬಾದಿನ ಸಿರಿವಂತ ಗಿರಣಿ ಮಾಲೀಕರ ಮನೆಯಲ್ಲಿ ಜನಿಸಿದ ಸಾರಾಭಾಯಿ ಕೇಂಬ್ರಿಜ್‌ನಲ್ಲಿ ಓದಿದರು. ಮಹಾಯುದ್ಧ ಅವರನ್ನು ಸ್ವದೇಶಕ್ಕೆ ಮರಳಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1942ರಲ್ಲಿ ನೃತ್ಯ ಕಲಾವಿದೆ ಮೃಣಾಲಿನಿಯವರನ್ನು ವರಿಸಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. 1963ರ ನವೆಂಬರ್ 21ರಂದು ಥುಂಬಾದಿಂದ ಮೊದಲ ರಾಕೆಟ್ ಹಾರಿತು. 1966ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷ ಸ್ಥಾನವೂ ಅವರ ಹೆಗಲೇರಿತು.

ಅನ್ನಕ್ಕೇ ಕೊರತೆಯಿದ್ದ ದೇಶಕ್ಕೆ ಬಾಹ್ಯಾಕಾಶವೇಕೆ ಎಂಬ ಪ್ರಶ್ನೆಗೆ ಸಾರಾಭಾಯಿ ಕೊಟ್ಟ ಉತ್ತರ ಮೂಲತಃ ಅರ್ಥಶಾಸ್ತ್ರದ್ದು. ನೆಲದ ಮೇಲಿನ ಪ್ರಸಾರ ಕೇಂದ್ರಗಳು ನಗರದಿಂದ ಆರಂಭವಾಗಿ ಹಳ್ಳಿಗೆ ತಲುಪಲು ದಶಕಗಳೇ ಬೇಕು. ಉಪಗ್ರಹಕ್ಕಾದರೋ ಎರಡೂ ಸಮಾನ ದೂರ. ಈ ತರ್ಕದ ಫಲವಾಗಿ 1969ರಲ್ಲಿ ಅಮೆರಿಕದ ನಾಸಾದೊಂದಿಗೆ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಅಮೆರಿಕದ ಉಪಗ್ರಹ. ಕಾರ್ಯಕ್ರಮಗಳೂ ಹಳ್ಳಿಗಳ ಗ್ರಾಹಕ ಯಂತ್ರಗಳೂ ನಮ್ಮವು.

1971ರ ಡಿಸೆಂಬರ್ 30ರಂದು, ಕೇರಳದ ಕೋವಲಂನಲ್ಲಿ, 52ರ ಪ್ರಾಯದಲ್ಲೇ ಸಾರಾಭಾಯಿ ಅಗಲಿದರು. ಕೆಲಸ ನಿಲ್ಲಲಿಲ್ಲ; ಸತೀಶ್ ಧವನ್ ನಾಯಕತ್ವದಲ್ಲಿ ಮುಂದುವರಿಯಿತು.

ಎಟಿಎಸ್-6 ಎಂಬ ಆ ಉಪಗ್ರಹ ಭೂಮಧ್ಯರೇಖೆಯ ಮೇಲೆ, ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ, ಪಶ್ಚಿಮ ರೇಖಾಂಶ 94 ಡಿಗ್ರಿಯಲ್ಲಿತ್ತು. ಅಲ್ಲಿಂದ ಭಾರತ ಕಾಣದು. ಅದನ್ನು ಪೂರ್ವ ಆಫ್ರಿಕದ ನೆತ್ತಿಗೆ, ಪೂರ್ವ ರೇಖಾಂಶ 35 ಡಿಗ್ರಿಗೆ ತರಬೇಕಿತ್ತು. ಆ ಎತ್ತರದಲ್ಲಿ ಉಪಗ್ರಹ ದಿನಕ್ಕೊಂದು ಸುತ್ತು ಹಾಕುವುದರಿಂದ ನೆಲದಿಂದ ನೋಡುವವರಿಗೆ ನಿಂತಂತೆ ತೋರುತ್ತದೆ. ಪೂರ್ವಕ್ಕೆ ಸರಿಸಲೆಂದು ಮುಂದಕ್ಕೆ ತಳ್ಳಿದರೆ ಫಲ ವಿಪರೀತ: ಅದು ಮೇಲಿನ ಕಕ್ಷೆಗೇರಿ, ಸುತ್ತಿನ ಅವಧಿ ಹೆಚ್ಚಿ, ಹಿಂದುಳಿಯುತ್ತದೆ. ಆದ್ದರಿಂದ ವೇಗವನ್ನು ತುಸು ತಗ್ಗಿಸಬೇಕು. ಆಗ ಕಕ್ಷೆ ಕೆಳಗಿಳಿದು, ಸುತ್ತು ಬೇಗ ಮುಗಿದು, ಉಪಗ್ರಹ ದಿನೇದಿನೇ ಪೂರ್ವಕ್ಕೆ ಜರುಗುತ್ತದೆ. ಗುರಿ ತಲುಪಿದೊಡನೆ ವೇಗ ಹೆಚ್ಚಿಸಿ ಹಿಂದಿನ ಕಕ್ಷೆಗೆ ಏರಿಸಿದರೆ ಅಲ್ಲೇ ನೆಲೆಸುತ್ತದೆ. 1975ರ ಮಧ್ಯಭಾಗದಲ್ಲಿ ನಡೆದದ್ದು ಇದೇ.

ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಪ್ರಯೋಗಕ್ಕೆ ಆಯ್ಕೆಯಾಗಿದ್ದವು. ಕರ್ನಾಟಕದಲ್ಲಿ ಆರಿಸಿದ್ದು ಹಿಂದುಳಿದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ತಂತಿಜಾಲರಿಯ ಅಗ್ಗದ ಆಂಟೆನಾ ಸಾಕಾಯಿತು. ಆದರೆ 1976ರ ಜುಲೈ 31ಕ್ಕೆ ಕರಾರು ಮುಗಿಯಿತು. ಉಪಗ್ರಹ ಪಶ್ಚಿಮಕ್ಕೆ ಮರಳಿತು. ಎರವಲು ಉಪಗ್ರಹ ಬಹುಕಾಲ ನಿಲ್ಲದೆಂಬುದು ಎಲ್ಲರಿಗೂ ಮನದಟ್ಟಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಆ್ಯಪಲ್ ಉಪಗ್ರಹವನ್ನು ನಮ್ಮದೇ ಮೋಟಾರು ಭೂಸ್ಥಿರ ಕಕ್ಷೆಗೇರಿಸಿತು. ಇನ್ಸಾಟ್ ಸರಣಿಯ ನಿಯಂತ್ರಣಕ್ಕೆ ಹಾಸನದಲ್ಲಿ ಕೇಂದ್ರ ತಲೆಯೆತ್ತಿತು.

ಸಾರಾಭಾಯಿಯವರ ಸಾಧನೆಯನ್ನು ರಾಕೆಟ್ಟುಗಳ ಎತ್ತರದಿಂದಷ್ಟೇ ಅಳೆಯುವುದು ವಾಡಿಕೆ. ಆದರೆ ಅವರ ಯೋಜನೆಯ ತಿರುಳಿದ್ದುದು ಆದ್ಯತೆಯ ಕ್ರಮದಲ್ಲಿ: ಹೊಸ ಸೌಲಭ್ಯ ಮೊದಲು ತಲುಪಬೇಕಾದದ್ದು ಕಟ್ಟಕಡೆಯ ಹಳ್ಳಿಗೆ. ಮುಂದೆ ಟಿ.ವಿ. ಜಾಹೀರಾತಿನ ಬೆನ್ನು ಹತ್ತಿ ನಗರಕ್ಕೆ ಒಲಿದಾಗ ಆ ಕ್ರಮ ತಲೆಕೆಳಗಾಯಿತು. ಉಪಗ್ರಹವನ್ನು ಕಕ್ಷೆಯಿಂದ ಕಕ್ಷೆಗೆ ಒಯ್ಯುವ ವಿದ್ಯೆ ಇಂದು ನಮಗೆ ಕರಗತವಾಗಿದೆ. ಸರ್ಕಾರದ ಪ್ರತಿಯೊಂದು ಹೊಸ ಯೋಜನೆ ಹೊರಡುವಾಗಲೂ, ಲಿಂಗಸುಗೂರಿನ ಹಳ್ಳಿಗೆ ಅದು ಎಷ್ಟನೆಯ ವರ್ಷದಲ್ಲಿ ತಲುಪೀತು ಎಂದು ಕೇಳುವ ರೂಢಿ ಮಾತ್ರ ಇನ್ನೂ ಬೆಳೆಯಬೇಕಿದೆ.