ಮೆಟ್ರಿಕ್ ಫೇಲಾದ ಮುಳಬಾಗಿಲಿನ ಗುಂಡಪ್ಪ

ಡಿ.ವಿ.ಜಿ. ಅಂದ ಕೂಡಲೇ ಎಲ್ಲರಿಗೂ ಕಗ್ಗ ನೆನಪಾಗುತ್ತೆ. ನನಗೆ ಈಗೀಗ ಅವರ ಮೆಟ್ರಿಕ್ ರಿಸಲ್ಟ್ ನೆನಪಾಗುತ್ತೆ. ನಮ್ಮ ಕ್ಲಾಸಲ್ಲಿ ಈ ಸಲ ಬ್ಯಾಕ್‌ಲಾಗ್ ಇರೋರು ತುಂಬಾ ಜನ. ತಲೆಗೆ ಓದು ಹತ್ತಲ್ಲ ಅಂತ ಕಾಲೇಜೇ ಬಿಡೋ ಯೋಚನೆಯಲ್ಲಿ ಇರೋರೂ ಇದ್ದಾರೆ. ಅವರು ಇದನ್ನ ಓದಲಿ ಅಂತ ಬರೀತಿದ್ದೀನಿ.

ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಲ್ಲಿ. ನಮ್ಮ ಲಕ್ಕೂರಿನಿಂದ ಹೊರಟು ಮಾಲೂರು, ಕೋಲಾರ ದಾಟಿದರೆ ಸಿಗೋ ಊರು. ಅವರು ಮೆಟ್ರಿಕ್ ಪಾಸಾಗಲಿಲ್ಲ. ಸ್ವಲ್ಪ ದಿನ ಮೇಷ್ಟ್ರಾದರು, ಕೆ.ಜಿ.ಎಫ್.ನ ಸೋಡಾ ಫ್ಯಾಕ್ಟರಿಯಲ್ಲಿ ದುಡಿದರು, ಬೆಂಗಳೂರಿಗೆ ಬಂದು ಜಟಕಾಗಳಿಗೆ ಬಣ್ಣ ಬಳಿಯೋ ಕಡೆ ಸೇರಿದರು. ಆಮೇಲೆ ಪತ್ರಿಕೆ ಕೆಲಸ ಸಿಕ್ಕಿತು. 1913ರಲ್ಲಿ ತಮ್ಮದೇ 'ಕರ್ನಾಟಕ' ಪತ್ರಿಕೆ ಶುರು ಮಾಡಿದರು, ಅದೂ ಇಂಗ್ಲಿಷಿನಲ್ಲಿ!

ಕಲಿಕೆಯ ಬಗ್ಗೆ ದೊಡ್ಡ ಥಿಯರಿಗಳಿವೆ. ಮಾಡುತ್ತಾ ಕಲಿಯಬೇಕು ಅಂದವರು ಅಮೆರಿಕದ ಜಾನ್ ಡ್ಯೂಯಿ. ಒಬ್ಬನೇ ಮಾಡಲಾಗದ್ದನ್ನು ಹೆಚ್ಚು ತಿಳಿದವರ ಆಸರೆಯಲ್ಲಿ ಮಾಡಬಹುದು, ಬೆಳವಣಿಗೆ ಇರೋದೇ ಅಲ್ಲಿ ಅಂದವರು ರಷ್ಯಾದ ವೈಗಾಟ್ಸ್ಕಿ. ಇವರು ಡಿ.ವಿ.ಜಿ.ಗಿಂತ ಒಂಬತ್ತು ವರ್ಷ ಚಿಕ್ಕವರು. ಡಿ.ವಿ.ಜಿ. ಬದುಕಲ್ಲಿ ಎರಡೂ ಇತ್ತು. ಸಂಸ್ಥಾನದ ಆಡಳಿತದ ಬಗ್ಗೆ ಪತ್ರಿಕೆಯಲ್ಲಿ ಬರೀಬೇಕಾದರೆ ಮೊದಲು ಅದು ತಮಗೆ ಅರ್ಥ ಆಗಬೇಕಲ್ಲ, ಹಾಗೆ ರಾಜ್ಯಶಾಸ್ತ್ರ ಕಲಿತರು. ವೇದಾಂತಕ್ಕೆ ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳ ಹತ್ತಿರ ಹೋಗಿ ಶಿಷ್ಯರಾಗಿ ಕೂತರು.

ಫೇಲಾದರೆ ಡಿ.ವಿ.ಜಿ. ಆಗಬಹುದು ಅನ್ನೋ ವಾಟ್ಸಾಪ್ ಮೆಸೇಜ್ ನನಗೆ ಹಿಡಿಸಲ್ಲ. ಅವರಿಗೆ ಅಂಥ ಗುರುಗಳ ಬಾಗಿಲು ತೆರೆದಿತ್ತು. ಆ ಕಾಲದಲ್ಲಿ ಎಷ್ಟೋ ಜಾತಿಯ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಅದು ಮುಚ್ಚಿತ್ತು. ಹಾಗಾಗಿ ಅವರು ಮುಂದೆ ಮಾಡಿದ್ದು ನನಗೆ ಕಗ್ಗಕ್ಕಿಂತ ದೊಡ್ಡದಾಗಿ ಕಾಣುತ್ತೆ.

1945ರಲ್ಲಿ ಬೆಂಗಳೂರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಶುರು ಮಾಡಿದರು. ಅಲ್ಲಿ ಅಧ್ಯಯನ ಗೋಷ್ಠಿ ನಡೀತಿತ್ತು. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. ಒಂದು ಪುಸ್ತಕ ಇಟ್ಟುಕೊಂಡು ಎಲ್ಲರೂ ಕೂತು ಓದೋದು, ತಿಳಿದವರು ಬಿಡಿಸಿ ಹೇಳೋದು. ಅಲ್ಲಿ ಅವರು ಮಾಡಿದ ಗೀತೆಯ ಪಾಠಗಳೇ ಪುಸ್ತಕವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದಕ್ಕೂ ಮುಂಚೆ, 1961ರಲ್ಲಿ, ಮೆಟ್ರಿಕ್ ದಾಟದ ಇವರಿಗೆ ಮೈಸೂರು ವಿಶ್ವವಿದ್ಯಾಲಯ ಡಿ.ಲಿಟ್. ಕೊಟ್ಟಿತ್ತು.

1970ರಲ್ಲಿ ಅಭಿಮಾನಿಗಳು ಸನ್ಮಾನ ಮಾಡಿ ದೊಡ್ಡ ನಿಧಿ ಒಪ್ಪಿಸಿದರು. ಕೈಯಲ್ಲಿ ಕಾಸು ನಿಲ್ಲದ ಮನೆ ಅವರದು. ಆದರೂ ಆ ಹಣವನ್ನೆಲ್ಲ ಸಂಸ್ಥೆಗೇ ಕೊಟ್ಟುಬಿಟ್ಟರು. 1975ರ ಅಕ್ಟೋಬರ್ 7ರಂದು ತೀರಿಕೊಂಡರು. ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಆ ಸಂಸ್ಥೆ ಈಗಲೂ ಇದೆ. ಒಳಗೆ ಹೋಗೋಕೆ ಮಾರ್ಕ್ಸ್ ಕಾರ್ಡ್ ಕೇಳಲ್ಲ.