ಗುರುತಿಲ್ಲದ ಗಿಡ ಕಂಡರೆ ಏನು ಮಾಡಬೇಕು? ಬಿ.ಜಿ.ಎಲ್. ಸ್ವಾಮಿ ತೋರಿಸಿದ ದಾರಿ

ಒಂದು ಗಿಡದ ಫೋಟೊ, ಕೆಳಗೆ ಒಂದು ಹೆಸರು, ಅದರ ಕೆಳಗೆ ಅದು ವಾಸಿಮಾಡುವ ಕಾಯಿಲೆಗಳ ಪಟ್ಟಿ. ಇಂಥ ಮೆಸೇಜ್ ನಮ್ಮೆಲ್ಲರ ವಾಟ್ಸಾಪ್‌ಗೂ ಬರುತ್ತದೆ. ಆದರೆ ಆ ಹೆಸರು ಸರಿಯೇ? ಅದನ್ನು ತಿಳಿಯುವ ಬಗೆಯನ್ನು ಕನ್ನಡಿಗರಿಗೆ ಕಲಿಸಿದ ಒಬ್ಬ ಸಸ್ಯವಿಜ್ಞಾನಿಯ ಬದುಕನ್ನು ನೋಡೋಣ.

ಯಾರು ಈ ಸ್ವಾಮಿ?

ಬಿ.ಜಿ.ಎಲ್. ಸ್ವಾಮಿ ಹುಟ್ಟಿದ್ದು 1918ರ ಫೆಬ್ರುವರಿ 5ರಂದು. ಸಾಹಿತಿ ಡಿ.ವಿ. ಗುಂಡಪ್ಪನವರ ಮಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಅವರ ಜೊತೆ ಸಂಶೋಧನೆ ಮಾಡಿದರು.

ಅವರು ಕಂಡದ್ದೇನು?

ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿ ನೀರು ಮೇಲೇರಲು ಉದ್ದನೆಯ ನಾಳಗಳಿರುತ್ತವೆ. ಸಾರ್ಕಾಂಡ್ರ ಎಂಬ ಕುಲದ ಗಿಡಗಳಲ್ಲಿ ಅವು ಇಲ್ಲವೆಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ಬರೆದರು. ಹೂಗಿಡಗಳ ಹಳೆಯ ಚರಿತ್ರೆ ಹುಡುಕುವವರಿಗೆ ಇದು ದೊಡ್ಡ ಸುದ್ದಿ. ಮುಂದೆ ದಕ್ಷಿಣ ಭಾರತದಲ್ಲಿ ಸಿಕ್ಕ ಇದೇ ಕುಲದ ಒಂದು ಗಿಡವನ್ನು ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ಗುರುವಿನ ಹೆಸರನ್ನೇ ಸೇರಿಸಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಕರೆದರು. ನಂತರದ ಸಂಶೋಧಕರು ಸಾರ್ಕಾಂಡ್ರದ ಬೇರಿನಲ್ಲಿ ನಾಳಗಳನ್ನು ಕಂಡರು. ವಿಜ್ಞಾನ ಹೀಗೆಯೇ ತನ್ನನ್ನು ತಿದ್ದಿಕೊಳ್ಳುತ್ತದೆ.

ಪಾಠ ಕಾಡಿನಲ್ಲಿ

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಪ್ರಿನ್ಸಿಪಾಲರಾಗಿ ಕೆಲಸ ಮಾಡಿದ ಸ್ವಾಮಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡ ತೋರಿಸುತ್ತಿದ್ದರು. ಆ ತಿರುಗಾಟದ ಕಥೆಯೇ ‘ಹಸುರು ಹೊನ್ನು’. ಚಿತ್ರಗಳೂ ಅವರವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದಲ್ಲಿ, ನಮ್ಮದೇ ಎಂದುಕೊಂಡಿರುವ ಎಷ್ಟೋ ತಿನಿಸು ಹೊರಗಿನಿಂದ ಬಂದದ್ದೆಂದು ತೋರಿಸಿದರು. 1980ರ ನವೆಂಬರ್ 2ರಂದು ತೀರಿಕೊಂಡರು.

ನಮ್ಮೂರಿನಲ್ಲಿ ಇದರ ಉಪಯೋಗ?

ಬೀದರ್ ಜಿಲ್ಲೆಯ ಹುಲಸೂರ ಕಡೆ ಹೊಲದ ಬದುವಿನ ಮೇಲೆ ನಡೆದು ನೋಡಿ. ಹಳದಿ ಹೂವಿನ ತಂಗಡಿ ಈ ನೆಲದ್ದೇ ಗಿಡ. ಬೇರೆ ಕಡೆ ಇದನ್ನೇ ಆವರಿಕೆ ಎನ್ನುತ್ತಾರೆ. ಪಕ್ಕದ ತೆಲಂಗಾಣಕ್ಕೆ ಇದೇ ರಾಜ್ಯದ ಹೂ. ಆದರೆ ಸೀತೆಯ ಹೆಸರು ಹೊತ್ತ ಸೀತಾಫಲದ ಮೂಲ ಅಮೆರಿಕ ಖಂಡ. ಬಳ್ಳಾರಿ ಜಾಲಿ, ಕಾಂಗ್ರೆಸ್ ಕಸಗಳದ್ದೂ ಅಷ್ಟೇ.

ಹೆಸರಿನ ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಬ್ರಾಹ್ಮಿ ಎಂದು ಕೆಲವರು ಒಂದೆಲಗವನ್ನು ಕರೆದರೆ, ಇನ್ನು ಕೆಲವರು ನೀರುಬ್ರಾಹ್ಮಿಯನ್ನು ಕರೆಯುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಹೆಸರು ಒಂದೇ ಎಂದು ಗಿಡವೂ ಒಂದೇ ಆಗಬೇಕಿಲ್ಲ.

ಹಾಗಾದರೆ ಏನು ಮಾಡಬೇಕು?

ಎಲೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ. ಎಲೆಗಳ ಜೋಡಣೆ, ಹೂ, ಕಾಯಿ ಮೂರರ ಫೋಟೊ ತೆಗೆಯಿರಿ. ಊರಿನ ಹಿರಿಯರಿಂದ ಹೆಸರು ಕೇಳಿ, ಸಸ್ಯಶಾಸ್ತ್ರ ಕಲಿಸುವ ಮೇಷ್ಟ್ರಿಂದ ಖಚಿತ ಮಾಡಿಕೊಳ್ಳಿ. ಗುರುತು ಖಾತ್ರಿಯಾದರೂ ವೈದ್ಯರನ್ನು ಕೇಳದೆ ಔಷಧಿಯೆಂದು ತಿನ್ನಬೇಡಿ. ಉಮ್ಮತ್ತಿಯೂ ನಮ್ಮ ದಾರಿಬದಿಯ ಗಿಡವೇ, ಆದರೆ ಅದರ ಬೀಜ ವಿಷ. ಗುರುತು ಖಾತ್ರಿಯಾಗದ ಗಿಡದ ಮೆಸೇಜ್ ಬಂದರೆ ಫಾರ್ವರ್ಡ್ ಮಾಡದೆ ಅಲ್ಲೇ ನಿಲ್ಲಿಸಿ.